ವಿಹಾರದ ಕಟ್ಟೆಯ ಏರಿಯ ಹಿಂದೆ ಒಸರು: ಬಲ್ಲವರು ಅನುಭವ ತಿಳಿಸಬೇಕು

ಕೇಳಿದವರು, ಪಾಂಡವಪುರ ತಾಲ್ಲೂಕು:
ನಮಸ್ಕಾರ. ನಾವು ಕೆಲವು ಕುಟುಂಬಗಳು ಸೇರಿ ಕೊಂಡ ತೋಟದಲ್ಲಿ ಹಳೆಯ ಮಣ್ಣಿನ ಕಟ್ಟೆಯೊಂದಿದೆ. ಏರಿಯ ಎತ್ತರ ಹೆಚ್ಚೆಂದರೆ 5 ಮೀಟರ್. ಅದರಿಂದ ಗದ್ದೆಗೆ ನೀರು ಬಿಡುವುದಿಲ್ಲ. ಏರಿಯ ಮೇಲೆ ಸಂಜೆ ನಡೆದಾಡುತ್ತೇವೆ, ಮಕ್ಕಳಿಗೆಂದು ಎರಡು ಪೆಡಲ್ ದೋಣಿಗಳಿವೆ. ಕಳೆದ ಮಳೆಗಾಲದಿಂದ ಏರಿಯ ಹಿಂಬದಿಯ ಬುಡದಲ್ಲಿ ಒಂದು ಕಡೆ ನೆಲ ಆರುತ್ತಲೇ ಇಲ್ಲ, ಜೊಂಡು ಬೆಳೆದಿದೆ. ಸಿಮೆಂಟ್ ಹಾಕಿ ಮುಚ್ಚಿಸೋಣ ಎಂಬುದು ಹಲವರ ಅಭಿಪ್ರಾಯ. ಕೆಳಗೆ ನಾಲ್ಕೈದು ಮನೆಗಳಿರುವುದರಿಂದ ನನಗೆ ಅಳುಕಿದೆ. ಇಂತಹ ಕಟ್ಟೆಗಳನ್ನು ನೋಡಿಕೊಂಡವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ನಿವೃತ್ತ ಇಂಜಿನಿಯರ್, ಮಂಡ್ಯ:
ದಯವಿಟ್ಟು ಸಿಮೆಂಟ್ ಹಾಕಿಸಬೇಡಿ. ಮಣ್ಣಿನ ಏರಿಯಲ್ಲಿ ಅಷ್ಟಿಷ್ಟು ನೀರು ಬಸಿಯುವುದು ಸಹಜ. ಆ ನೀರಿನ ಹೊರದಾರಿಯನ್ನು ಹಿಂಬದಿಯಲ್ಲಿ ಮುಚ್ಚಿದರೆ ಅದು ಏರಿಯೊಳಗೇ ಮೇಲೇರಿ, ಒತ್ತಡ ಹೆಚ್ಚಿಸಿಕೊಂಡು, ನಿಮ್ಮ ಕಣ್ಣಿಗೆ ಬೀಳದ ಇನ್ನೊಂದು ಕಡೆ ಬಾಯಿ ಮಾಡಿಕೊಳ್ಳುತ್ತದೆ. ಮೊದಲು ನೀರಿನ ಬಣ್ಣ ನೋಡಿ. ಒಸರಿನ ಕೆಳಗೆ ಸಣ್ಣ ಗುಂಡಿ ಮಾಡಿ, ತುಂಬಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದೆರಡು ಗಂಟೆ ಅಲುಗಾಡಿಸದೆ ಇಡಿ. ತಿಳಿಯಾಗಿಯೇ ಇದ್ದರೆ ಸದ್ಯಕ್ಕೆ ನೀರು ಮಾತ್ರ ಹೊರಬರುತ್ತಿದೆ. ತಳದಲ್ಲಿ ಮಣ್ಣು ಕೂತರೆ ಏರಿಯೇ ಕಣಕಣವಾಗಿ ಹೊರಡುತ್ತಿದೆ ಎಂದು ತಿಳಿಯಬೇಕು. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಿಗ್ಗೆ ಕೆಸರುನೀರು ಕಂಡಿತು, ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಒಡೆದಿತ್ತು. ಅದು ನಿಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆದರೆ ನೀರು ಮಣ್ಣನ್ನು ಒಳಗಿನಿಂದ ಕೊರೆಯುವ ಬಗೆ ಬೇರೆಯಲ್ಲ.

ಮಣ್ಣು ಬರುತ್ತಿದ್ದರೆ ಒಸರಿನ ಮೇಲೆ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ. ನೀರು ಹೊರಬರಲಿ, ಮಣ್ಣು ಒಳಗೇ ಉಳಿಯಲಿ. ಜೊತೆಗೆ ಕಟ್ಟೆಯ ನೀರನ್ನು ಇಳಿಸಿ, ಆದರೆ ಕೂಡಲೇ ಒಡೆಯುವ ಅಪಾಯವಿಲ್ಲದಿದ್ದರೆ ದಿನಕ್ಕೆ ಒಂದು ಅಡಿಗಿಂತ ಹೆಚ್ಚು ಬೇಡ. ಒಮ್ಮೆಲೇ ಇಳಿಸಿದರೆ, ನೆನೆದು ಭಾರವಾದ ಮುಂಬದಿಯ ಇಳಿಜಾರು ನೀರಿನ ಆಸರೆ ತಪ್ಪಿ ಜಾರಿ ಬೀಳುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 10 ಮೀಟರ್‌ಗಿಂತ ತಗ್ಗಿನ ಏರಿಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಯಾರಾದರೂ ಬಂದು ತಪಾಸಣೆ ಮಾಡುತ್ತಾರೆಂದು ಕಾಯಬೇಡಿ.

ಶ್ರೀರಂಗಪಟ್ಟಣ ಕಡೆಯ ರೈತರು:
ಇಂಜಿನಿಯರ್ ಸಾಹೇಬರು ಹೇಳಿದ್ದು ಸರಿ. ನಮ್ಮ ಸೀಮೆಗೆ ಇನ್ನೊಂದು ಮಾತು ಸೇರಿಸಬೇಕು. ಪಾಂಡವಪುರದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವಾಗ ಭತ್ತದ ಬಯಲೆಲ್ಲ ಜೌಗು. ಏರಿಯ ಹಿಂದಿನ ಒದ್ದೆ ಕಟ್ಟೆಯದೇ ಎಂದು ನಂಬುವ ಹಾಗಿಲ್ಲ. ಕಟ್ಟೆಯಲ್ಲಿ ಅಡಿ ಅಂಗುಲ ಗುರುತಿಸಿದ ಗೂಟವೊಂದನ್ನು ನೆಟ್ಟು, ವಾರಕ್ಕೊಮ್ಮೆ ಅದರ ಮಟ್ಟ, ಒಸರು ಒಂದು ಬಕೆಟ್ ತುಂಬಲು ಹಿಡಿಯುವ ಹೊತ್ತು, ನಾಲೆಯಲ್ಲಿ ನೀರಿದೆಯೋ ಇಲ್ಲವೋ ಎಂಬ ಮೂರನ್ನೂ ಬರೆದಿಡಿ. ನಾಲೆ ನಿಂತ ಮೇಲೂ ಒಸರು ಕುಗ್ಗದಿದ್ದರೆ ಅದು ನಿಮ್ಮ ಕಟ್ಟೆಯದು. ಏಡಿ, ಹೆಗ್ಗಣಗಳ ಬಿಲಗಳನ್ನು ಹುಡುಕಿ, ಅಗೆದು, ಒಳ್ಳೆಯ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ ತುಂಬಿಸಿ. ಏರಿಯ ಮೇಲಿನ ಮರವನ್ನು ಕಡಿದು ಬೊಡ್ಡೆ ಬಿಟ್ಟರೆ, ಬೇರು ಕೊಳೆತ ಜಾಗವೇ ಮುಂದೆ ನೀರಿನ ದಾರಿಯಾಗುತ್ತದೆ. ಹುಲ್ಲು ಇರಲಿ.

ಬಡಾವಣೆಯ ನಿವಾಸಿ, ಮೈಸೂರು:
ನಮ್ಮ ತಪ್ಪು ನಿಮ್ಮಿಂದ ಆಗದಿರಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಕೊಳದ ಮೀನು ಕೋಡಿಯಲ್ಲಿ ಕೊಚ್ಚಿಹೋಗುತ್ತದೆಂದು ಸಮಿತಿಯವರೇ, ಅಂದರೆ ನಾನೂ ಸೇರಿದಂತೆ, ಕೋಡಿಗೆ ಅಡ್ಡಲಾಗಿ ಬಲೆ ಕಟ್ಟಿಸಿದ್ದೆವು. ಒಂದು ರಾತ್ರಿಯ ಜಡಿಮಳೆಗೆ ಕಳೆ, ಪ್ಲಾಸ್ಟಿಕ್, ತೆಂಗಿನ ಗರಿ ಬಂದು ಬಲೆಗೆ ಮೆತ್ತಿಕೊಂಡು, ನೀರು ಏರಿಯ ನೆತ್ತಿಗೆ ನಾಲ್ಕು ಬೆರಳಷ್ಟು ಕೆಳಗೆ ನಿಂತಿತ್ತು. ಮಚ್ಚಿನಿಂದ ಬಲೆ ಕತ್ತರಿಸಿದ ಮೇಲೆಯೇ ಇಳಿಯಿತು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್‌ನಲ್ಲಿ ಸಿರಿವಂತರ ವಿಹಾರ ಕ್ಲಬ್ಬೊಂದು ಮಣ್ಣಿನ ಕಟ್ಟೆಯ ಕೋಡಿಗೆ ಇದೇ ರೀತಿ ಮೀನಿನ ಜಾಲರಿ ಹಾಕಿ, ಏರಿಯ ನೆತ್ತಿಯನ್ನೂ ತಗ್ಗಿಸಿತ್ತೆಂದೂ, 1889ರ ಮೇ 31ರಂದು ಅದು ಒಡೆದು 2,209 ಜನ ಸತ್ತರೆಂದೂ ಆಮೇಲೆ ಓದಿದೆ. ದೋಣಿಗಾಗಿ ಕಟ್ಟೆಯನ್ನು ಸದಾ ತುಂಬಿಡುವ ಆಸೆಯೂ ಇದೇ ಜಾತಿಯದು. ಕೋಡಿಯ ಮೇಲೆ ಮರಳಿನ ಮೂಟೆ ಇಟ್ಟಿದ್ದರೆ ಇಂದೇ ತೆಗೆಸಿ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಲೋಟದ ನೀರು ಎರಡು ದಿನವೂ ತಿಳಿಯಾಗಿತ್ತು. ನಾಲೆ ನಿಂತು ಹತ್ತು ದಿನ ಕಳೆದರೂ ಒಸರು ಹಾಗೆಯೇ ಇದೆ. ಕೋಡಿಯ ಮೇಲೆ ಮೂಟೆಗಳಿದ್ದುದು ನಿಜ, ತೆಗೆಸಿದೆವು. ಒದ್ದೆ ಜಾಗದ ನೇರಕ್ಕೆ ಏರಿಯ ಮುಂಬದಿಯಲ್ಲಿ ಹಳೆಯ ತೂಬಿನ, ಅಂದರೆ ಏರಿಯಡಿಯಿಂದ ನೀರು ಹೊರಬಿಡುವ ಕಿಂಡಿಯ, ಕಲ್ಲುಗಳಿವೆ. ಹಿಂದಿನ ಮಾಲೀಕರು ಅದರ ಬಾಯಿಗೆ ಮಣ್ಣು ತುಂಬಿಸಿದ್ದರೆಂದು ಪಕ್ಕದ ತೋಟದವರು ಹೇಳುತ್ತಾರೆ.

ನಿವೃತ್ತ ಇಂಜಿನಿಯರ್, ಮಂಡ್ಯ:
ಹಾಗಾದರೆ ನೀರು ತೂಬಿನ ಕಾಲುವೆಯ ಜಾಡು ಹಿಡಿದು ಬರುತ್ತಿರುವ ಸಂಭವ ಹೆಚ್ಚು. ಬಾಯಿ ಮಾತ್ರ ಮುಚ್ಚಿದ ತೂಬು ಏರಿಯೊಳಗೆ ಟೊಳ್ಳಾಗಿಯೇ ಉಳಿದಿರುತ್ತದೆ. ದೋಣಿಗಳನ್ನು ದಡಕ್ಕೆ ಕಟ್ಟಿ, ಮುಂಗಾರಿಗೆ ಮೊದಲು ನೀರನ್ನು ನಿಧಾನವಾಗಿ ತೂಬಿನ ಮಟ್ಟಕ್ಕಿಂತ ಕೆಳಗಿಳಿಸಿ, ಮಣ್ಣಿನ ಕಟ್ಟೆಯ ಕೆಲಸ ಬಲ್ಲ ಇಂಜಿನಿಯರ್ ಒಬ್ಬರ ಎದುರಿನಲ್ಲೇ ಅದನ್ನು ಅಗೆಸಿ. ಅಲ್ಲಿಯವರೆಗೆ ಲೋಟದ ಪರೀಕ್ಷೆಯನ್ನು ದಿನವೂ ಮಾಡಿ, ಕೆಳಗಿನ ಮನೆಯವರಿಗೂ ವಿಷಯ ತಿಳಿಸಿಬಿಡಿ.