ದತ್ತು ತಗೊಂಡವರು ದಯವಿಟ್ಟು ಅನುಭವ ಹೇಳಿ

ನನಗೆ 38, ಯಜಮಾನರಿಗೆ 41. ಎರಡು ಸಲ ಐವಿಎಫ್ ಮಾಡಿಸಿ ಸಾಕಾಯ್ತು. ದತ್ತು ತಗೊಳ್ಳೋಣ ಅಂತಿದ್ದೇವೆ. ಅತ್ತೆಯವರು ಮಾತ್ರ, "ಯಾರದೋ ಮಗು ಯಾಕೆ, ಮೈದುನನ ಎರಡನೇದನ್ನೇ ಇಟ್ಕೊಳ್ಳಿ" ಅಂತಾರೆ. ಎಷ್ಟು ವರ್ಷ ಕಾಯಬೇಕು? ಮಗುವಿಗೆ ಯಾವಾಗ ಹೇಳಬೇಕು?
(ದಾವಣಗೆರೆ)

ನಮ್ಮ ಮಗಳು ಬಂದಾಗ ಹನ್ನೊಂದು ತಿಂಗಳು. ಈಗ ಎರಡನೇ ಕ್ಲಾಸ್. ನಾವು ಎರಡೂವರೆ ವರ್ಷ ಕಾದೆವು, ಈಗ ಮೂರು ವರ್ಷ ದಾಟುತ್ತೆ. 2024-25ರಲ್ಲಿ ಕಾರಾ (ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ದತ್ತು ಹೋದ ಮಕ್ಕಳು 4,515. ಮಗುವಿಗಾಗಿ ಸರದಿಯಲ್ಲಿ ಇರುವವರು 30 ಸಾವಿರಕ್ಕೂ ಜಾಸ್ತಿ. ಎಲ್ಲರಿಗೂ ಎರಡು ವರ್ಷದೊಳಗಿನ ಆರೋಗ್ಯವಂತ ಮಗುವೇ ಬೇಕು. ಮನೆ ಸಿಗದೆ ಉಳಿಯುವವರಲ್ಲಿ ಸ್ವಲ್ಪ ದೊಡ್ಡ ಮಕ್ಕಳು, ಅಣ್ಣ-ತಂಗಿ ಜೋಡಿಗಳು, ವಿಶೇಷ ಆರೈಕೆ ಬೇಕಾದವರೇ ಹೆಚ್ಚು. ನಿಮ್ಮಿಬ್ಬರ ವಯಸ್ಸು ಕೂಡಿದರೆ 79. ಎರಡು ವರ್ಷದೊಳಗಿನ ಮಗುವಿಗೆ 85ರವರೆಗೆ ಆಗುತ್ತೆ, ನೋಂದಣಿ ದಿನದ ವಯಸ್ಸೇ ಲೆಕ್ಕ. ಹಾಗಾಗಿ ಯೋಚನೆ ಮಾಡ್ತಾ ಕೂರಬೇಡಿ, ಮೊದಲು ಹೆಸರು ಹಾಕಿ.

ಹೋಮ್ ಸ್ಟಡಿಗೆ, ಅಂದರೆ ನಮ್ಮನ್ನೂ ಮನೆಯನ್ನೂ ನೋಡೋಕೆ, ಸಮಾಜ ಕಾರ್ಯಕರ್ತೆ ಬರ್ತಾರೆ ಅಂತ ನಾನು ಮೂರು ದಿನ ಮನೆ ಉಜ್ಜಿದೆ, ಕೇಸರಿಬಾತ್ ಬೇರೆ. ಆ ಮೇಡಂ ನೆಲದ ಕಡೆ ನೋಡಲೇ ಇಲ್ಲ. "ನಿಮ್ಮಿಬ್ಬರಿಗೂ ಏನಾದರೂ ಆದರೆ ಮಗುವನ್ನು ಯಾರು ನೋಡ್ಕೊಳ್ತಾರೆ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಅದಕ್ಕೆ ಉತ್ತರ ಈಗಲೇ ಮಾತಾಡಿಟ್ಟುಕೊಳ್ಳಿ.

ನಮಗೆ ಮಗು ಇದೆ ಅಂತ ಮೆಸೇಜ್ ಬಂದಾಗ ದೋಸೆ ಹಿಟ್ಟು ರುಬ್ಬುತ್ತಿದ್ದೆ. ಫೋಟೋ, ವೈದ್ಯಕೀಯ ವರದಿ ನೋಡಿ 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು. ವರದಿಯನ್ನು ನಮಗೆ ಗೊತ್ತಿದ್ದ ಮಕ್ಕಳ ಡಾಕ್ಟರಿಗೆ ತೋರಿಸಿದೆವು, ಧೈರ್ಯ ಬಂತು. ಆಮೇಲೆ ನಾವು ದತ್ತು ಆದೇಶಕ್ಕಾಗಿ ಕೋರ್ಟಿಗೆ ಅಲೆದೆವು. 2022ರ ಸೆಪ್ಟೆಂಬರ್‌ನಿಂದ ಅದನ್ನು ಜಿಲ್ಲಾಧಿಕಾರಿಯೇ ಕೊಡ್ತಾರೆ.

ಮೊದಲ ಹದಿನೈದು ದಿನ ಅವಳು ನನ್ನ ಹತ್ತಿರ ಬರಲೇ ಇಲ್ಲ. ರಾತ್ರಿಯೆಲ್ಲ ಅಳು. "ನಾನು ತಪ್ಪು ಮಾಡಿದೆನಾ" ಅಂತ ಬಚ್ಚಲುಮನೆಯಲ್ಲಿ ಕೂತು ನಾನೂ ಅತ್ತಿದ್ದೇನೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.
(ಮೈಸೂರು)

ಸಂಬಂಧಿಕರ ಮಗು ತಗೊಳ್ಳಬಹುದು. ಹಿಂದೂಗಳಿಗೆ 1956ರ ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆ ಇದೆ. ಆದರೆ ಬಾಯಿಮಾತಲ್ಲಿ ಬಿಡಬೇಡಿ, ದತ್ತುಪತ್ರ ನೋಂದಾಯಿಸಿ. ನಾವು ಅಣ್ಣನ ಮಗನನ್ನು ತಂದೆವು, ಕಾಗದ ಮಾಡಿಸಲಿಲ್ಲ. ಜಮೀನಿನ ವಿಷಯಕ್ಕೆ ಮಾತು ಬೆಳೆದಾಗ "ನಮ್ಮ ಹುಡುಗನ್ನ ವಾಪಸ್ ಕಳಿಸಿ" ಅಂದರು. ಅವನಿಗಾಗ ಎಂಟು ವರ್ಷ, ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ. ಕಾನೂನು ಪ್ರಕಾರ ಆದ ದತ್ತನ್ನು ಯಾರೂ ರದ್ದು ಮಾಡೋಕೆ ಆಗಲ್ಲ, ಅದು ನಮಗೆ ತಡವಾಗಿ ಗೊತ್ತಾಯ್ತು. ಮೈದುನನಿಗಿಂತ ಮೊದಲು ಓರಗಿತ್ತಿಯನ್ನು ಕೇಳಿ. ಕೊಡಬೇಕಾದವಳು ಅವಳು, ಅಲ್ವಾ?

ಇನ್ನೊಂದು. ನರ್ಸಿಂಗ್ ಹೋಮಿಂದ ನೇರ ಕೊಡಿಸ್ತೀವಿ ಅಂತ ಯಾರಾದರೂ ಬಂದರೆ ಬಾಗಿಲು ಹಾಕಿ. ದುಡ್ಡು ಕೊಟ್ಟು ಮಗು ತಂದರೆ ಐದು ವರ್ಷದವರೆಗೆ ಜೈಲು.
(ಹುಬ್ಬಳ್ಳಿ)

ನಾನು ದತ್ತು ಬಂದವಳು, ಈಗ 27. ನನಗೆ ಗೊತ್ತಾಗಿದ್ದು ಹದಿನಾಲ್ಕನೇ ವಯಸ್ಸಿಗೆ, ಒಂದು ಮದುವೆಮನೆಯಲ್ಲಿ. ಪಕ್ಕದಲ್ಲಿದ್ದ ಹೆಂಗಸು ಇನ್ನೊಬ್ಬರಿಗೆ "ಇವಳೇ ಆ ಸಾಕುಮಗಳು" ಅಂದರು. ದತ್ತು ಅನ್ನೋದು ಅಷ್ಟು ನೋಯಿಸಲಿಲ್ಲ. ಊಟದ ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ, ಅದು ನೋಯಿಸಿತು.

ಯಾವಾಗ ಹೇಳಬೇಕು ಅಂದಿರಿ. ಮಾತು ಬರುವ ಮುಂಚೆಯೇ ಶುರು ಮಾಡಿ. ತೊಡೆ ಮೇಲೆ ಮಲಗಿಸಿಕೊಂಡು, ಕತೆ ಹೇಳೋ ಹಾಗೆ, ನಿನ್ನನ್ನು ಕರೆತರೋಕೆ ಬಸ್ಸಲ್ಲಿ ಹೋದೆವು, ಮಳೆ ಬರ್ತಿತ್ತು ಅಂತ. ಆ ದಿನ ನನಗೆ ಹಾಕಿದ್ದ ಕುಲಾವಿಯನ್ನು ಅಮ್ಮ ಬೀರುವಿನಲ್ಲಿ ಹದಿನಾಲ್ಕು ವರ್ಷ ಬಚ್ಚಿಟ್ಟಿದ್ದಳು. ಮದುವೆಮನೆಯಿಂದ ಬಂದ ರಾತ್ರಿ ತೆಗೆದು ತೋರಿಸಿದಳು.
(ಶಿವಮೊಗ್ಗ)