ಅಪ್‌ಡೇಟ್: ದಾಂಡೇಲಿ–ಅಣಶಿ ಪ್ರವಾಸ ಹೀಗಾಯಿತು

ಧಾರವಾಡದಿಂದ ಅವ್ವ, ಅಪ್ಪನನ್ನು ಕರೆದುಕೊಂಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೋಗುವುದಿದೆ, ಎಲ್ಲರೂ ಹೇಳುವ ಜಾಗಗಳನ್ನೇ ನೋಡಬೇಕೋ, ಕಾಡು ತೋರಿಸಿದ್ದನ್ನು ನೋಡುತ್ತ ಹೋಗಬೇಕೋ ಎಂದು ಕೇಳಿದ್ದೆ. ಹೋಗಿ ಬಂದೆವು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

"ವಸತಿ ಮತ್ತು ಬೆಳಗಿನ ಸಫಾರಿ ಮಾತ್ರ ಮೊದಲೇ ಕಾಯ್ದಿರಿಸಿ, ಮಧ್ಯಾಹ್ನ ಖಾಲಿ ಬಿಡಿ" ಎಂದವರ ಮಾತು ಫಲಿಸಿತು. ಸಿಂಥೇರಿ ಬಂಡೆ, ಕವಳಾ ಗುಹೆ, ಉಳವಿ ಮೂರನ್ನೂ ಒಂದೇ ದಿನ ಮುಗಿಸುವ ಸಲಹೆ ನಮಗೆ ಒಗ್ಗಲಿಲ್ಲ. ಸಿಂಥೇರಿಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವ್ವನಿಗೆ ಸಾಕಾಗಿತ್ತು. ಕವಳಾ ಕೈಬಿಟ್ಟೆವು. ಮರುದಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯ ಮುಂದೆ ಅಪ್ಪ ಮನದಣಿಯೆ ಕುಳಿತರು. "ಮನಸ್ಸು ಬಂದ ಕಡೆ ಕಾಡಿನೊಳಗೆ ನಡೆಯಿರಿ" ಎಂಬ ಸಲಹೆಯಂತೂ ಬೇಡವೇ ಬೇಡ. ಅನುಮತಿಯಿಲ್ಲದೆ ಒಳಹೋಗುವುದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ.

ಎಣಿಸದೇ ಇದ್ದದ್ದು ಆ ಖಾಲಿ ಮಧ್ಯಾಹ್ನದಲ್ಲೇ ಸಿಕ್ಕಿತು. ವಸತಿಯಲ್ಲಿ ಕೆಲಸ ಮಾಡುವವರೊಬ್ಬರು "ಯಜಮಾನರೇ, ಸದ್ದು ಮಾಡದೆ ಬನ್ನಿ" ಎಂದು ಅಪ್ಪನನ್ನು ಕರೆದು ದೂರದ ಮರವೊಂದನ್ನು ತೋರಿಸಿದರು. ಗಂಡು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಪೊಟರೆಯ ಸೀಳಿಗೆ ಕೊಕ್ಕು ತಾಗಿಸಿ, ಗಂಟಲಿನಿಂದ ಹಣ್ಣುಗಳನ್ನು ಒಂದೊಂದಾಗಿ ಮೇಲೆ ತಂದು ಒಳಗೆ ಕೊಡುತ್ತಿತ್ತು. ಮೊಟ್ಟೆಯಿಡುವ ಮುನ್ನ ಹೆಣ್ಣು ಒಳಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಂಡೇ ಆಹಾರ ತರಬೇಕು. ನಾವು ಹತ್ತಿರ ಹೋದರೆ ಅದು ಗೂಡಿಗೆ ಬರಲು ಹಿಂಜರಿಯುತ್ತದೆ, ಒಳಗಿರುವ ತಾಯಿ ಮರಿಗಳಿಗೆ ಉಪವಾಸ. ಬೇಸಿಗೆಯ ಆರಂಭದಲ್ಲಿ ಹೋಗುವವರು ದಯವಿಟ್ಟು ದೂರವೇ ನಿಲ್ಲಿ, ಬೈನಾಕ್ಯುಲರ್ ಒಯ್ಯಿರಿ.