ಗ್ರಾಮಸಭೆಗೆ ಜನ ಬರಬೇಕಂದ್ರೆ ಏನು ಮಾಡಬೇಕು?

ತೋಟದಮನೆ:
ಸೋಮವಾರಪೇಟೆ ಕಡೆಯ ಒಂದು ಪಂಚಾಯಿತಿಗೆ ಮೊದಲ ಸಲ ಗೆದ್ದ ಸದಸ್ಯೆ ನಾನು. ಹೋದ ಬುಧವಾರ ಗ್ರಾಮಸಭೆ ಇತ್ತು. ಕೋರಂಗೆ 100 ಜನ ಬೇಕು. ಹನ್ನೊಂದೂವರೆಗೆ ಎಣಿಸಿದರೆ 34. ಅದರಲ್ಲಿ ಅಂಗನವಾಡಿ, ಆಶಾ, ಇಲಾಖೆಯವರೇ 14. ಕೊನೆಗೆ ನೀರುಗಂಟಿಯನ್ನು ಕಳಿಸಿ ಅಂಗಡಿ ಮುಂದೆ ಕೂತವರನ್ನೆಲ್ಲ ಕರೆಸಿದೆವು. ಸಹಿ ಹಾಕಿ, ಟೀ ಕುಡಿದು ಹೋದರು. ಸರ್ಕಾರಿ ಮನೆ ಯಾರಿಗೆ ಅಂತ ಪಟ್ಟಿ ಓದುವ ದಿನ ಮಾತ್ರ ಹಾಲ್ ತುಂಬುತ್ತದೆ, ಬಿಡಿ.

ಲೈನ್ ಮನೆಯಿಂದ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಗಳಿಂದ, ಒಬ್ಬರೂ ಇಲ್ಲ. ನನ್ನನ್ನು ಗೆಲ್ಲಿಸಿದ್ದೇ ಅವರು! ನಮ್ಮಪ್ಪ ಇವತ್ತಿಗೂ ನಜೀರ್ ಸಾಬರ ಹೆಸರು ಹೇಳುತ್ತಾರೆ. ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದದ್ದು ಅವರು ಮಂತ್ರಿಯಾಗಿದ್ದಾಗಲೇ. 'ಅಂಥವರು ಇದ್ದರೆ ಜನ ತಾವೇ ಬರುತ್ತಾರೆ' ಅನ್ನುತ್ತಾರೆ ಅಪ್ಪ. ಅಂಥವರು ಸಿಗುವ ತನಕ ನಾನೇನು ಮಾಡಲಿ?

ನಿವೃತ್ತ ಮೇಷ್ಟ್ರು:
ಮಗಳೇ, 1952ರಲ್ಲಿ ಕೊಡಗಿಗೇ ಬೇರೆ ವಿಧಾನಸಭೆ ಇತ್ತು. 24 ಸೀಟು. ಮೈಸೂರು ರಾಜ್ಯಕ್ಕೆ ಸೇರೋಣ ಅಂತ ಕಾಂಗ್ರೆಸ್ಸಿನ ಸಿ.ಎಂ. ಪೂಣಚ್ಚ, ಬೇಡ ಅಂತ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ. ಕಾಂಗ್ರೆಸ್ 15, ತಕ್ಕಡಿ 9. ನಮ್ಮ ಮನೆಯಲ್ಲೇ ಅಣ್ಣ ತಮ್ಮ ಮಾತು ಬಿಟ್ಟಿದ್ದರಂತೆ. ಪೂಣಚ್ಚ, ಬೆಳ್ಯಪ್ಪ ಇಬ್ಬರೂ ದೊಡ್ಡ ನಾಯಕರೇ. ಆದರೆ ಅವರು ಜನರ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು. ಸೇರಬೇಕಾ, ಬೇಡವಾ? ನೀವು ಸಭೆಯಲ್ಲಿ ಏನು ಕೇಳುತ್ತೀರಿ? ಎಲ್ಲ ಮೊದಲೇ ಬರೆದು ತಂದು ಸುಮ್ನೆ ಓದುತ್ತೀರಿ, ಅಲ್ವಾ?

ರೈಟರ್ ಅಣ್ಣ:
ಅಕ್ಕ, ನಾನು ಎಸ್ಟೇಟ್ ರೈಟರ್, ತೋಟದ ಲೆಕ್ಕ ಬರೆಯುವವನು. ಮೇಷ್ಟ್ರು ಹೇಳಿದ್ದು ಸರಿ. ಆದರೆ ಬುಧವಾರ ಹನ್ನೊಂದಕ್ಕೆ ಸಭೆ ಇಟ್ಟರೆ ಲೈನಿನವರು ಹೇಗೆ ಬರುತ್ತಾರೆ? ಈಗ ಕಾಫಿ ಕುಯ್ಲು, ಕೆಜಿ ಲೆಕ್ಕ. ಸಭೆಗೆ ಬಂದರೆ ಆ ದಿನದ ದುಡ್ಡು ಹೋಯಿತು. ಬಟವಾಡೆ ದಿನ, ಅಂದರೆ ಕೂಲಿ ಕೊಡುವ ದಿನ, ಸಂಜೆ ಹೋಗಿ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಸೌಕಾರರ ಅಂಗಳದಲ್ಲಿ ಮಾತ್ರ ಕೂರಿಸಬೇಡಿ. ಅಲ್ಲಿ ಯಾರೂ ಬಾಯಿ ಬಿಡಲ್ಲ.

ಕಾವೇರಿಸೀಮೆ:
ಓಟಿನ ಹಿಂದಿನ ರಾತ್ರಿ ಹಂಚುವುದು ನಿಲ್ಲಲಿ, ಆಮೇಲೆ ಮಾತಾಡೋಣ.

ತೋಟದಮನೆ:
ರೈಟರ್ ಅಣ್ಣ, ಹೋಗಿದ್ದೆ. ಲೈನಿನ ನಲ್ಲಿ ಕಟ್ಟೆ ಹತ್ತಿರ ಕೂತೆವು. 19 ಹೆಂಗಸರು, ಮೂವರು ಗಂಡಸರು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಕೊಡ ತುಂಬಿಸುತ್ತಿದ್ದ ಒಬ್ಬ ಅಜ್ಜಿ ನನ್ನ ಕಡೆ ತಿರುಗದೆಯೇ ಕೇಳಿದರು, "ಹೋದ ವರ್ಷ ಬೀದಿದೀಪ ಅಂತ ಬರಕೊಂಡು ಹೋದ್ರಲ್ಲ, ಅದೆಲ್ಲಿ?"

ಮಾರನೇ ದಿನ ನಡವಳಿ ಪುಸ್ತಕ ತೆಗೆಸಿದೆ. ಬರೆದಿದ್ದಾರೆ. 'ಚರ್ಚಿಸಿ ಅಂಗೀಕರಿಸಲಾಯಿತು'. ಅಷ್ಟೇ. ಮುಂದಿನ ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಆ ಪುಟ ಓದಿಸಬೇಕು ಅಂತಿದ್ದೇನೆ. ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ, ಭಾನುವಾರ ಇಟ್ಟರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಇನ್ನೂ ಹೇಳಿಲ್ಲ.